ವಿಎಲ್‌ಎಫ್ ರಿಸೀವರ್‌ನಲ್ಲಿ ಬರೀ ಗುಂಯ್ ಸದ್ದು: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಲೂಪ್ (ವೈರಿನ ಸುತ್ತುಗಳ ಆಂಟೆನಾ) ಸುತ್ತಿ ಆಯಿತು, ಆಂಪ್ಲಿಫೈಯರ್ ಕಟ್ಟಿ ಆಯಿತು, ಸೌಂಡ್ ಕಾರ್ಡಿಗೆ ಸಿಕ್ಕಿಸಿ ವಾಟರ್‌ಫಾಲ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಅಂತ ಹರಿಯುವ ಚಿತ್ರವಾಗಿ ತೋರಿಸುವ ಪರದೆ) ತೆರೆದರೆ ಪರದೆ ತುಂಬಾ ಗೆರೆಗಳು, ಹೆಡ್‌ಫೋನಿನಲ್ಲಿ ಬರೀ ಗುಂಯ್. 3ರಿಂದ 30 ಕಿಲೋಹರ್ಟ್ಜ್ ನಡುವಿನ ವಿಎಲ್‌ಎಫ್, ಅಂದರೆ ಬಹಳ ಕಡಿಮೆ ಫ್ರೀಕ್ವೆನ್ಸಿಯ ಈ ರೇಡಿಯೊ ಬ್ಯಾಂಡಿಗೆ ಇಳಿದವರಲ್ಲಿ ಹೆಚ್ಚಿನವರು ಮೊದಲ ಸಂಜೆ ನೋಡುವುದು ಇದನ್ನೇ. ಆಗ ಕೈ ತಾನಾಗಿ ಸೋಲ್ಡರಿಂಗ್ ಐರನ್ ಕಡೆ ಹೋಗುತ್ತದೆ. ದಯವಿಟ್ಟು ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಯಾಕೆ ಅಂದರೆ 10 ಕಿಲೋಹರ್ಟ್ಜ್‌ನಲ್ಲಿ ತರಂಗದ ಉದ್ದ 30 ಕಿಲೋಮೀಟರ್. ಅದರ ಮುಂದೆ ನಮ್ಮ ಒಂದು ಮೀಟರ್ ಆಂಟೆನಾ ಲೆಕ್ಕಕ್ಕೇ ಇಲ್ಲ. ಆದರೆ ಪಕ್ಕದಲ್ಲೇ ಗೋಡೆಯೊಳಗೆ ಓಡುವ ಕರೆಂಟ್ ವೈರುಗಳು ಮಾತ್ರ ಅದಕ್ಕೆ ತುಂಬಾ ಹತ್ತಿರ, ತುಂಬಾ ಜೋರು. ನಾನು ಇಲ್ಲಿಯವರೆಗೆ ಹುಡುಕಿದ ದೋಷಗಳಲ್ಲಿ ಬೋರ್ಡಿನ ಮೇಲಿದ್ದವು ಕಡಿಮೆ. ಜಾಗ, ವೈರಿಂಗ್, ಕಂಪ್ಯೂಟರ್, ಸಾಫ್ಟ್‌ವೇರ್ ಸೆಟ್ಟಿಂಗ್, ಇವೇ ಜಾಸ್ತಿ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಬೋರ್ಡು ಕೊನೆಯ ಕಡೆಗೆ ಬರುತ್ತದೆ.

ಇನ್ನೊಂದು ಮಾತು. ಗುಂಯ್ ಸದ್ದನ್ನು ಶತ್ರು ಅಂತ ಮಾತ್ರ ನೋಡಬೇಡಿ. ದಿನದ ಇಪ್ಪತ್ನಾಲ್ಕು ಗಂಟೆ ಪುಕ್ಕಟೆಯಾಗಿ ಸಿಗುವ ಟೆಸ್ಟ್ ಸಿಗ್ನಲ್ ಅದು. ಕರೆಂಟಿನ 50 ಅಥವಾ 60 ಹರ್ಟ್ಜ್ ಗುಣಕಗಳ ಗೆರೆಗಳು ನಿಮ್ಮ ಮನೆಯ ಹತ್ತಿರದಿಂದಲೇ ಬರುತ್ತವೆ, ಅಯಾನುಗೋಳಕ್ಕೂ (ರೇಡಿಯೊ ಅಲೆಗಳನ್ನು ಮರಳಿಸುವ, ಮೇಲಿನ ವಾತಾವರಣದ ಪದರ) ಅವಕ್ಕೂ ಸಂಬಂಧ ಇಲ್ಲ. ಒಂದು ದೂರದ ಸ್ಟೇಷನ್ ಇಳಿದು ಗುಂಯ್ ಹಾಗೇ ನಿಂತಿದ್ದರೆ ರಿಸೀವರ್ ಚೆನ್ನಾಗಿದೆ, ಬದಲಾಗಿದ್ದು ಹೊರಗೆ. ಸ್ಟೇಷನ್ನೂ ಗುಂಯ್ಯೂ ಒಟ್ಟಿಗೆ ಇಳಿದರೆ ತಪ್ಪು ನಿಮ್ಮ ಪೆಟ್ಟಿಗೆಯಲ್ಲಿದೆ. ಈ ಒಂದು ಹೋಲಿಕೆ ನನ್ನ ಎಷ್ಟೋ ರಾತ್ರಿಗಳನ್ನು ಉಳಿಸಿದೆ. ಅದಕ್ಕೇ ಎಲ್ಲ ಸರಿ ಇರುವ ಒಂದು ದಿನ ವಾಟರ್‌ಫಾಲಿನ ಚಿತ್ರ ತೆಗೆದು, ಎರಡು ಮೂರು ಸ್ಟೇಷನ್‌ಗಳ ಮಟ್ಟ, ಎರಡು ಮೂರು ಗುಂಯ್ ಗೆರೆಗಳ ಮಟ್ಟ ಬರೆದಿಟ್ಟುಕೊಳ್ಳಿ. ದೋಷ ಬಂದ ಮೇಲೆ ಇದನ್ನು ಬರೆಯಲು ಕೂತರೆ ಪ್ರಯೋಜನ ಇಲ್ಲ.

ಸರಿ ಇದ್ದರೆ ಏನು ಸಿಗಬೇಕು

ದೋಷ ಇದೆಯೋ ಇಲ್ಲವೋ ಅಂತ ಹೇಳಬೇಕಾದರೆ ಸರಿ ಇದ್ದಾಗ ಹೇಗಿರುತ್ತದೆ ಅಂತ ಗೊತ್ತಿರಬೇಕು ಅಲ್ವಾ. ಹೆಡ್‌ಫೋನಿನಲ್ಲಿ ಮೊದಲು ಸಿಗಬೇಕಾದ್ದು ಚಟಪಟ ಸದ್ದು, ಒಣಗಿದ ತರಗೆಲೆ ತುಳಿದ ಹಾಗೆ, ಲೆಕ್ಕ ತಾಳ ಇಲ್ಲದೆ. ಇದು ದೂರದ ಮಿಂಚುಗಳ ಸದ್ದು, ಸಾವಿರಾರು ಕಿಲೋಮೀಟರ್ ಆಚೆಯವೂ ಸೇರಿ. ರಾತ್ರಿಯಾದರೆ ಅದರಲ್ಲಿ ಕೆಲವು ಚಟ್ ಅನ್ನುವ ಬದಲು ಟ್ಯುಂಯ್ ಅಂತ ಬಾಲ ಎಳೆಯುತ್ತವೆ. ಅವುಗಳಿಗೆ ಟ್ವೀಕ್ ಅಂತ ಹೆಸರು. ಭೂಮಿಗೂ ಅಯಾನುಗೋಳಕ್ಕೂ ನಡುವಿನ ಜಾಗ ಒಂದು ಕೊಳವೆಯ ಹಾಗೆ ಕೆಲಸ ಮಾಡುತ್ತದೆ, ಬಾಲ ಸುಮಾರು 1.7 ಕಿಲೋಹರ್ಟ್ಜ್ ಹತ್ತಿರ ಬಂದು ನಿಲ್ಲುತ್ತದೆ. ರಾತ್ರಿ ಟ್ವೀಕ್ ಸ್ಪಷ್ಟವಾಗಿ ಕೇಳಿದರೆ ನಿಮ್ಮ ರಿಸೀವರ್ ಕಡಿಮೆ ಫ್ರೀಕ್ವೆನ್ಸಿಯಲ್ಲೂ ಚುರುಕಾಗಿದೆ ಅಂತ ಅರ್ಥ.

ಪರದೆಯ ಮೇಲೆ 16ರಿಂದ 25 ಕಿಲೋಹರ್ಟ್ಜ್ ನಡುವೆ ನೌಕಾಪಡೆಗಳ ಸ್ಟೇಷನ್‌ಗಳು ಕಾಣಬೇಕು. ಭಾರತದ ವಿಜಯನಾರಾಯಣಂನ ವಿಟಿಎಕ್ಸ್ 18.2ರಲ್ಲಿ, ಆಸ್ಟ್ರೇಲಿಯಾದ ಎಕ್ಸ್‌ಮೌತ್‌ನ ಎನ್‌ಡಬ್ಲ್ಯೂಸಿ 19.8ರಲ್ಲಿ, ಜರ್ಮನಿಯ ಡಿಎಚ್‌ಒ38 23.4ರಲ್ಲಿ, ಅಮೆರಿಕದ ಕಟ್ಲರ್‌ನ ಎನ್‌ಎಎ 24.0ರಲ್ಲಿ. ಎನ್‌ಡಬ್ಲ್ಯೂಸಿ 1 ಮೆಗಾವ್ಯಾಟ್ ಶಕ್ತಿಯ ಸ್ಟೇಷನ್, ಹಾಗಾಗಿ ಬಹಳ ದೂರದವರೆಗೂ ಸಿಗುತ್ತದೆ. ಇವು ಸಾಮಾನ್ಯವಾಗಿ ಸೆಕೆಂಡಿಗೆ 200 ಬಿಟ್ ವೇಗದಲ್ಲಿ ಎಂಎಸ್‌ಕೆ (ಫ್ರೀಕ್ವೆನ್ಸಿಯನ್ನು ಸ್ವಲ್ಪ ಅತ್ತಿತ್ತ ಸರಿಸಿ ಬಿಟ್ ಕಳಿಸುವ ವಿಧಾನ) ಕಳಿಸುತ್ತವೆ, ಆದ್ದರಿಂದ ಪರದೆಯಲ್ಲಿ ತೆಳ್ಳಗಿನ ಗೆರೆಯಾಗಿ ಅಲ್ಲ, ನೂರಿನ್ನೂರು ಹರ್ಟ್ಜ್ ಅಗಲದ ಪಟ್ಟಿಯಾಗಿ ಕಾಣುತ್ತವೆ. ಸೂಜಿ ತರಹದ ತೆಳು ಗೆರೆ ಕಂಡರೆ ಅದು ಸ್ಟೇಷನ್ ಅಂತ ಹಿಗ್ಗಬೇಡಿ, ಬಹುತೇಕ ಮನೆಯೊಳಗಿನ ಯಾವುದೋ ಪೆಟ್ಟಿಗೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. 18, 19 ಕಿಲೋಹರ್ಟ್ಜ್ ಸದ್ದು ವಯಸ್ಕರಲ್ಲಿ ಬಹಳ ಜನರ ಕಿವಿಗೆ ಕೇಳುವುದೇ ಇಲ್ಲ. ಸ್ವೀಡನ್ನಿನ ಗ್ರಿಮೆಟನ್‌ನಿಂದ ಎಸ್‌ಎಕ್ಯೂ ಅನ್ನುವ ಹಳೆಯ ಸ್ಟೇಷನ್ ವರ್ಷಕ್ಕೆ ಕೆಲವೇ ಸಲ, ಕ್ರಿಸ್‌ಮಸ್ ಹಿಂದಿನ ದಿನ ಮತ್ತು ಜುಲೈ ಆರಂಭದ ಹೊತ್ತಿನ ಅಲೆಕ್ಸಾಂಡರ್ಸನ್ ದಿನ, 1920ರ ದಶಕದ ತಿರುಗುವ ಆಲ್ಟರ್ನೇಟರ್‌ನಿಂದ 17.2 ಕಿಲೋಹರ್ಟ್ಜ್‌ನಲ್ಲಿ ಮೋರ್ಸ್ ಕಳಿಸುತ್ತದೆ. ಅದಕ್ಕಾಗಿ ಕಾದು ಕೂತು, ಆಂಪ್ಲಿಫೈಯರ್‌ಗೆ ನೇರ ಹೆಡ್‌ಫೋನ್ ಸಿಕ್ಕಿಸಿ, ಏನೂ ಕೇಳಲಿಲ್ಲ ಅಂತ ಬೇಸರ ಮಾಡಿಕೊಂಡವರಿದ್ದಾರೆ. ಸಿಗ್ನಲ್ ಬಂದಿತ್ತು, ಕಿವಿಗೆ ಎಟುಕಲಿಲ್ಲ ಅಷ್ಟೆ. ಸ್ಪೆಕ್ಟ್ರಮ್ ಲ್ಯಾಬ್‌ನಂಥ ಸಾಫ್ಟ್‌ವೇರ್‌ನಲ್ಲಿ ಅದನ್ನು 700 ಹರ್ಟ್ಜ್ ಆಸುಪಾಸಿಗೆ ಇಳಿಸಿ ಕೇಳಬೇಕು.

ಮೊದಲು ಸೌಂಡ್ ಕಾರ್ಡ್

ಇದಕ್ಕೆ ಅರ್ಧ ಗಂಟೆ ಸಾಕು, ಅದಕ್ಕೇ ಮೊದಲು. ಸ್ಯಾಂಪಲಿಂಗ್ ರೇಟ್ 48 ಕಿಲೋಹರ್ಟ್ಜ್ ಇದ್ದರೆ ನೀವು ನೋಡುವ ಮೇಲಿನ ಮಿತಿ 24. ಅಂದರೆ 24.0ರ ಎನ್‌ಎಎಯನ್ನು ನೀವು ಎಂದಿಗೂ ಸರಿಯಾಗಿ ನೋಡಲಾರಿರಿ. 96ಕ್ಕೆ ಏರಿಸಿ. ಏರಿಸಿದ ಮೇಲೂ ಪರದೆಯಲ್ಲಿ 20-24 ಕಿಲೋಹರ್ಟ್ಜ್ ಆಸುಪಾಸು ತಳದ ಗದ್ದಲ (ಸಿಗ್ನಲ್ ಇಲ್ಲದಾಗಲೂ ಇರುವ ಗದ್ದಲದ ಮಟ್ಟ) ಬಂಡೆಯ ಅಂಚಿನ ಹಾಗೆ ಕಡಿದು ಬೀಳುತ್ತಿದ್ದರೆ ಕಾರ್ಡ್ ಇನ್ನೂ 48ರಲ್ಲೇ ಓಡುತ್ತಿದೆ, ಮಧ್ಯೆ ಆಪರೇಟಿಂಗ್ ಸಿಸ್ಟಮ್ ಸುಮ್ನೆ ಲೆಕ್ಕ ಹಾಕಿ 96 ಮಾಡಿ ಕೊಡುತ್ತಿದೆ. ಸಾಫ್ಟ್‌ವೇರ್‌ನಲ್ಲಿ ಬದಲಾಯಿಸಿದರೆ ಸಾಲದು, ಸಿಸ್ಟಮ್‌ನ ಸೌಂಡ್ ಸೆಟ್ಟಿಂಗ್‌ನಲ್ಲೂ ಬದಲಾಯಿಸಬೇಕು.

ಅಲ್ಲೇ ಇನ್ನೊಂದು ಕಳ್ಳ ಇದ್ದಾನೆ. ನಾಯ್ಸ್ ಸಪ್ರೆಶನ್, ಎಕೋ ಕ್ಯಾನ್ಸಲೇಶನ್, ಆಟೋಮ್ಯಾಟಿಕ್ ಗೇನ್. ಇವೆಲ್ಲ ಮನುಷ್ಯರ ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ಸದ್ದನ್ನು ಅವು ಗದ್ದಲ ಅಂತ ತೀರ್ಮಾನಿಸಿ ಅಳಿಸಿ ಹಾಕುತ್ತವೆ, ನಮ್ಮ ಸ್ಟೇಷನ್‌ಗಳು ಬರುವುದೇ ಹಾಗೆ ಒಂದೇ ಸಮನೆ. ಲಕ್ಷಣ ಗುರುತಿಸುವುದು ಸುಲಭ: ರೆಕಾರ್ಡಿಂಗ್ ಶುರು ಮಾಡಿದ ಮೊದಲ ಎರಡು ಮೂರು ಸೆಕೆಂಡ್ ಪಟ್ಟಿಗಳು ಕಾಣುತ್ತವೆ, ಆಮೇಲೆ ಮಸುಕಾಗಿ ಮಾಯವಾಗುತ್ತವೆ, ಮಿಂಚಿನ ಚಟಪಟ ಮಾತ್ರ ತುಂಡು ತುಂಡಾಗಿ ಉಳಿಯುತ್ತದೆ. ಇಂಥದ್ದು ಕಂಡರೆ ಎಲ್ಲ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿ.

ಲ್ಯಾಪ್‌ಟಾಪಿನ ಮೈಕ್ ಜ್ಯಾಕ್‌ನಲ್ಲಿ ಮೈಕ್‌ಗೆ ಬೇಕಾದ ಡಿಸಿ ವೋಲ್ಟೇಜ್ ಹೊರಗೆ ಬರುತ್ತಿರುತ್ತದೆ. ಅದು ನಿಮ್ಮ ಆಂಪ್ಲಿಫೈಯರ್‌ನ ಔಟ್‌ಪುಟ್ ಒಳಗೆ ನುಗ್ಗದ ಹಾಗೆ ಮಧ್ಯೆ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಲೈನ್ ಇನ್ ಇದ್ದರೆ ಅದೇ ಒಳ್ಳೆಯದು.

ಈಗ ಮೆಟ್ಟಿಲು ಪರೀಕ್ಷೆ. ಸೌಂಡ್ ಕಾರ್ಡಿನ ಇನ್‌ಪುಟ್ ಶಾರ್ಟ್ ಮಾಡಿ ತಳದ ಗದ್ದಲದ ಮಟ್ಟ ನೋಡಿ ಬರೆದುಕೊಳ್ಳಿ. ಆಮೇಲೆ ಆಂಪ್ಲಿಫೈಯರ್ ಸಿಕ್ಕಿಸಿ, ಪವರ್ ಕೊಡಿ, ಆಂಟೆನಾ ಬೇಡ. ಆಮೇಲೆ ಆಂಟೆನಾ. ಪ್ರತಿ ಮೆಟ್ಟಿಲಿಗೂ ತಳ ಏರಬೇಕು. ಆಂಪ್ಲಿಫೈಯರ್ ಸಿಕ್ಕಿಸಿದಾಗ ಏರದಿದ್ದರೆ ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಸಾಲದು ಅಥವಾ ಅದಕ್ಕೆ ಪವರ್ ಹೋಗುತ್ತಿಲ್ಲ. ಆಂಟೆನಾ ಸಿಕ್ಕಿಸಿದಾಗ ಏರದಿದ್ದರೆ ಆಂಟೆನಾ ಸತ್ತಿದೆ, ಇಲ್ಲವೇ ಆಂಪ್ಲಿಫೈಯರ್‌ನ ಸ್ವಂತ ಗದ್ದಲವೇ ಜಾಸ್ತಿ. ಇಷ್ಟರಲ್ಲೇ ದೋಷ ಯಾವ ತುಂಡಿನಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ.

ಲೆವೆಲ್ ಮೀಟರನ್ನೂ ನೋಡಿ. ಮಿಂಚಿನ ಚಟಪಟ ಸರಾಸರಿ ಮಟ್ಟಕ್ಕಿಂತ ಬಹಳ ಮೇಲೆ ಜಿಗಿಯುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಗುಂಯ್ ಒಂದೇ ಇಡೀ ಅಳತೆಯನ್ನು ತುಂಬಿದ್ದರೆ ಉಳಿದದ್ದೆಲ್ಲ ಕತ್ತರಿಸಿ ಹೋಗಿ ಪರದೆ ತುಂಬಾ ಇಲ್ಲದ ಗೆರೆಗಳು ಹುಟ್ಟುತ್ತವೆ. ಆಂಪ್ಲಿಫೈಯರ್‌ನ ಮೊದಲ ಹಂತ ಆದ ಮೇಲೆ 100 ನ್ಯಾನೋಫ್ಯಾರಡ್ ಮತ್ತು 1 ಕಿಲೋಓಮ್‌ನ ಒಂದು ಹೈಪಾಸ್ ಹಾಕಿದರೆ ಸುಮಾರು 1.6 ಕಿಲೋಹರ್ಟ್ಜ್ ಕೆಳಗಿನದ್ದು ಇಳಿಯುತ್ತದೆ, 50 ಹರ್ಟ್ಜ್ ಸುಮಾರು 30 ಡೆಸಿಬೆಲ್ ಕಡಿಮೆಯಾಗುತ್ತದೆ. ಎರಡು ಬಿಡಿಭಾಗಕ್ಕೆ ಇಷ್ಟು ಲಾಭ ಬೇರೆಲ್ಲೂ ಸಿಗಲಿಕ್ಕಿಲ್ಲ.

ಮನೆಯಿಂದ ಹೊರಗೆ ನಡೆಯಿರಿ

ಒಂದೇ ಪರೀಕ್ಷೆ ಮಾಡಲು ಪುರುಸೊತ್ತು ಇದೆ ಅಂದರೆ ಇದನ್ನೇ ಮಾಡಿ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಲ್ಯಾಪ್‌ಟಾಪ್, ಬ್ಯಾಟರಿ ಮೇಲೆ ಆಂಪ್ಲಿಫೈಯರ್, ಕೈಯಲ್ಲಿ ಆಂಟೆನಾ. ಮನೆಯಿಂದ 20 ಮೀಟರ್, 50 ಮೀಟರ್, 100 ಮೀಟರ್ ದೂರ ಹೋಗಿ ಪ್ರತಿ ಕಡೆ ಒಂದು ನಿಮಿಷ ರೆಕಾರ್ಡ್ ಮಾಡಿ. ಬೀದಿ ದೀಪದ ಲೈನ್, ಕರೆಂಟ್ ಕಂಬ ಇರುವ ಕಡೆ ಹೋಗಬೇಡಿ. 100 ಮೀಟರ್ ಆಚೆ ಗುಂಯ್ ಇಳಿದು ಪಟ್ಟಿಗಳು ಎದ್ದು ಕಂಡರೆ ನಿಮ್ಮ ರಿಸೀವರ್‌ನಲ್ಲಿ ದೋಷವೇ ಇಲ್ಲ. ದೋಷ ಅದನ್ನು ಇಟ್ಟ ಜಾಗದಲ್ಲಿತ್ತು.

ನೆಟ್ಟಗೆ ನಿಲ್ಲಿಸುವ ವಿಪ್ ಆಂಟೆನಾ ಆದರೆ ಇನ್ನೊಂದು ಎಚ್ಚರ ಬೇಕು. ಅದು ಹಿಡಿಯುವುದು ವಿದ್ಯುತ್ ಕ್ಷೇತ್ರವನ್ನು. ಗೋಡೆ, ಮರ, ಎತ್ತರದ ಕಟ್ಟಡ ಇವೆಲ್ಲ ಆ ಕ್ಷೇತ್ರವನ್ನು ನುಂಗುತ್ತವೆ. ಮರದ ಕೆಳಗೆ ನಿಲ್ಲಿಸಿದ ವಿಪ್ ಕಿವುಡು. ಮನೆಯೊಳಗೆ ಇಟ್ಟದ್ದು ಮನೆಯ ಗದ್ದಲವನ್ನು ಮಾತ್ರ ಕೇಳುತ್ತದೆ. ಲೂಪ್ ಹಿಡಿಯುವುದು ಕಾಂತ ಕ್ಷೇತ್ರವನ್ನು, ಅದಕ್ಕೆ ಗೋಡೆ ಮರ ಅಷ್ಟು ಅಡ್ಡಿ ಮಾಡುವುದಿಲ್ಲ, ಜೊತೆಗೆ ಅದನ್ನು ತಿರುಗಿಸಿ ಒಂದು ದಿಕ್ಕಿನ ಗದ್ದಲವನ್ನು ಅಡಗಿಸಬಹುದು. ಜಾಗ ಇಕ್ಕಟ್ಟು ಇರುವವರಿಗೆ ನಾನು ಹೇಳುವುದು ಲೂಪ್.

ಗದ್ದಲ ಮನೆಯದ್ದೇ ಅಂತ ಗೊತ್ತಾದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಆಮೇಲೆ ಒಂದೊಂದೇ ಸರ್ಕ್ಯೂಟ್ ಆನ್ ಮಾಡುತ್ತಾ ಹೋಗಿ. ಪರದೆಯ ಮೇಲಿನ ಗುರುತುಗಳೂ ಬಹಳ ಹೇಳುತ್ತವೆ. ಸರಿಯಾಗಿ 50 ಅಥವಾ 60 ಹರ್ಟ್ಜ್‌ಗೊಂದರಂತೆ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳಿದ್ದರೆ ನೇರ ಕರೆಂಟಿನದು. ಹಾವಿನ ಹಾಗೆ ಅತ್ತಿತ್ತ ಹರಿಯುವ ಮಸುಕು ಗೆರೆ ಅಂದರೆ ಚಾರ್ಜರ್ ಅಥವಾ ಎಲ್‌ಇಡಿ ದೀಪದ ಸ್ವಿಚಿಂಗ್ ಸಪ್ಲೈ, ಅದು ಬಿಸಿಯಾಗುತ್ತಾ ಹೋದ ಹಾಗೆ ಗೆರೆ ಜಾರುತ್ತದೆ. 15.625ರಲ್ಲಿ ಗಟ್ಟಿ ಗೆರೆ ಬಂದರೆ ಹತ್ತಿರ ಎಲ್ಲೋ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಬದುಕಿದೆ. ಸೆಕೆಂಡಿಗೊಂದು ಸಲ ಗಡಿಯಾರದ ಹಾಗೆ ಟಿಕ್ ಅಂದರೆ ವಿದ್ಯುತ್ ಬೇಲಿ. ಮಿಂಚಿಗೆ ತಾಳ ಇಲ್ಲ, ಬೇಲಿಗೆ ತಾಳ ಇದೆ, ಕಿವಿಯೇ ಬೇರ್ಪಡಿಸುತ್ತದೆ.

1000, 2000, 3000 ಹೀಗೆ ಸರಿಯಾಗಿ ಸಾವಿರಕ್ಕೊಂದು ಸೂಜಿ ಗೆರೆ ಇದ್ದು, 8000ದಲ್ಲಿ ಅದು ಜೋರಾಗಿದ್ದರೆ ಮನೆಯ ವೈರಿಂಗ್ ಹುಡುಕಿ ಸಮಯ ಹಾಳು ಮಾಡಬೇಡಿ. ಅದು ಯುಎಸ್‌ಬಿ. ಅದರ ಫ್ರೇಮ್ ಒಂದು ಮಿಲಿಸೆಕೆಂಡಿಗೊಂದು, ಮೈಕ್ರೋಫ್ರೇಮ್ 125 ಮೈಕ್ರೋಸೆಕೆಂಡಿಗೊಂದು. ಹೊರಗಿನ ಸೌಂಡ್ ಕಾರ್ಡ್ ಇದ್ದವರಿಗೆ ಇದು ಬಹಳ ಸಲ ಕಾಟ ಕೊಡುತ್ತದೆ. ಕೇಬಲ್ ಚಿಕ್ಕದು ಮಾಡಿ, ಬೇರೆ ಪೋರ್ಟ್ ನೋಡಿ, ಆಂಟೆನಾವನ್ನು ಕಂಪ್ಯೂಟರ್‌ನಿಂದ ದೂರ ಸರಿಸಿ.

ಕೇಬಲ್ ಮತ್ತು ಗ್ರೌಂಡ್

ಹೊಲದಲ್ಲಿ ಚೆನ್ನಾಗಿದ್ದ ರಿಸೀವರ್ ಮನೆಗೆ ಕೇಬಲ್ ಎಳೆದ ತಕ್ಷಣ ಗುಂಯ್ ಅಂದರೆ ಆಂಟೆನಾ ಎಷ್ಟು ದೂರ ಇದೆ ಅನ್ನುವುದು ಮುಖ್ಯ ಅಲ್ಲ. ಕೋಆಕ್ಸ್ ಕೇಬಲ್‌ನ ಹೊರ ಲೋಹದ ಕವಚದ ಮೇಲೆ ಮನೆಯ ಗದ್ದಲ ಹರಿದು ಆಂಟೆನಾ ತನಕ ಹೋಗುತ್ತಿದೆ. ವಿಪ್ ಆಂಟೆನಾಗೆ ಆ ಕವಚವೇ ಗ್ರೌಂಡ್, ಹಾಗಾಗಿ ಮನೆಯ ಗದ್ದಲವೂ ಸಿಗ್ನಲ್ ಆಗಿಬಿಡುತ್ತದೆ.

ಎಚ್‌ಎಫ್‌ನಿಂದ (ಶಾರ್ಟ್‌ವೇವ್) ಬಂದವರು ಕೂಡಲೇ ಫೆರೈಟ್ ರಿಂಗಿಗೆ ಕೇಬಲ್ ಸುತ್ತುತ್ತಾರೆ. ಇಲ್ಲಿ ಅದು ಸಾಲುವುದಿಲ್ಲ. 1 ಮಿಲಿಹೆನ್ರಿ ಸಿಗುವಷ್ಟು ಸುತ್ತಿದರೂ 10 ಕಿಲೋಹರ್ಟ್ಜ್‌ನಲ್ಲಿ ಅದರ ಅಡ್ಡಿ ಬರೀ 63 ಓಮ್. ಗದ್ದಲ ಅದನ್ನು ದಾಟಿ ಹೋಗುತ್ತದೆ. ಕೆಲಸ ಮಾಡುವುದು ಟ್ರಾನ್ಸ್‌ಫಾರ್ಮರ್: 600 ಓಮ್‌ನ 1:1 ಆಡಿಯೋ ಟ್ರಾನ್ಸ್‌ಫಾರ್ಮರ್, ಕೇಬಲ್ ಸೌಂಡ್ ಕಾರ್ಡ್ ಸೇರುವ ಕಡೆ. ಎರಡು ಬದಿಯ ಗ್ರೌಂಡ್ ಒಂದಕ್ಕೊಂದು ಮುಟ್ಟಬಾರದು. ಆಂಟೆನಾ ಬುಡದಲ್ಲಿ ಅದಕ್ಕೇ ಬೇರೆ ಗ್ರೌಂಡ್ ರಾಡ್ ಹೊಡೆಯಿರಿ. ಆಂಟೆನಾ ಕಡೆಯ ಪವರ್ ಮನೆಯ ಅಡಾಪ್ಟರ್‌ನಿಂದ ಬರುತ್ತಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಅಲ್ಲಿಗೆ ಬ್ಯಾಟರಿ ಇಡಿ. ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ 20 ಕಿಲೋಹರ್ಟ್ಜ್ ಮೇಲೆ ಸಿಗ್ನಲ್ ಬಿದ್ದುಹೋದರೆ ಅದು ಟೆಲಿಫೋನ್ ಮಾತಿಗೆ ಮಾಡಿದ ಅಗ್ಗದ ತುಂಡು, ಬದಲಾಯಿಸಿ.

ಲೂಪ್ ಸತ್ತಿದೆಯಾ?

ಒಂದು ಮೀಟರ್ ಬದಿಯ ಚೌಕ, 50 ಸುತ್ತು ಅಂತಿಟ್ಟುಕೊಳ್ಳಿ. ವೈರ್ 200 ಮೀಟರ್. 0.5 ಮಿಲಿಮೀಟರ್ ದಪ್ಪದ ತಾಮ್ರ ಆದರೆ ಮಲ್ಟಿಮೀಟರ್‌ನಲ್ಲಿ 17 ಓಮ್ ಆಸುಪಾಸು ಬರಬೇಕು. ಮೆಗಾಓಮ್ ಬಂದರೆ ತುಂಡಾಗಿದೆ. 9 ಓಮ್ ಬಂದರೆ ಮಧ್ಯೆ ಎಲ್ಲೋ ಇನಾಮಲ್ ಕೆರೆದು ಅರ್ಧ ಸುತ್ತುಗಳು ಶಾರ್ಟ್ ಆಗಿವೆ. ಮೂಲೆಗಳನ್ನು ನೋಡಿ, ಚೌಕಟ್ಟಿನ ಚೂಪು ಅಂಚು ವೈರನ್ನು ಅಲ್ಲೇ ಕೊರೆಯುವುದು.

ಇಂಥ ಲೂಪಿನ ಇಂಡಕ್ಟೆನ್ಸ್ ಸುಮಾರು 8ರಿಂದ 10 ಮಿಲಿಹೆನ್ರಿ. 10 ಅಂತ ಹಿಡಿದರೆ 20 ಕಿಲೋಹರ್ಟ್ಜ್‌ಗೆ ಟ್ಯೂನ್ ಮಾಡಲು ಸುಮಾರು 6.3 ನ್ಯಾನೋಫ್ಯಾರಡ್ ಬೇಕು. ಟ್ಯೂನ್ ಮಾಡಿದ ಲೂಪ್‌ನಲ್ಲಿ ಒಂದು ಸ್ಟೇಷನ್ ಮಾತ್ರ ಜೋರಾಗಿ ಉಳಿದವು ಸೊರಗಿದ್ದರೆ ಅದು ದೋಷ ಅಲ್ಲ, ಅದರ ಗುಣ.

ಪರೀಕ್ಷೆಗೆ ನನ್ನ ಇಷ್ಟದ ಉಪಾಯ ಇದು. ಹಳೆಯ ಇಯರ್‌ಫೋನ್ ವೈರ್ ಕತ್ತರಿಸಿ, 100 ಓಮ್ ರೆಸಿಸ್ಟರ್ ಜೊತೆಗೆ ಅಂಗೈಯಗಲದ ಹತ್ತು ಸುತ್ತಿನ ಸುರುಳಿ ಮಾಡಿ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ತೆರೆದು 8 ಕಿಲೋಹರ್ಟ್ಜ್ ಕೊಡಿ, ಸುರುಳಿಯನ್ನು ಲೂಪಿನಿಂದ ಒಂದು ಮಾರು ದೂರ ಹಿಡಿಯಿರಿ. ಪರದೆಯಲ್ಲಿ 8ರಲ್ಲಿ ಸೂಜಿ ಗೆರೆ ಏಳಬೇಕು. ಆಮೇಲೆ 1ರಿಂದ 20ರ ತನಕ ನಿಧಾನವಾಗಿ ಸರಿಸಿ, ಎಲ್ಲಿ ಏರುತ್ತದೆ, ಎಲ್ಲಿ ಬೀಳುತ್ತದೆ ನೋಡಿ. ಆಂಟೆನಾದಿಂದ ಪರದೆಯ ತನಕ ಇಡೀ ಸಾಲಿನ ಆರೋಗ್ಯ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೈ ಹತ್ತಿರ ತಂದ ಕೂಡಲೇ ಜಾರುವ ಒಂದು ದಪ್ಪ ಗೆರೆ ಇದ್ದರೆ ಆಂಪ್ಲಿಫೈಯರ್ ತಾನೇ ಆಸಿಲೇಟ್ ಆಗುತ್ತಿದೆ, ಅಂದರೆ ತಾನೇ ಸಿಗ್ನಲ್ ಹುಟ್ಟಿಸುತ್ತಿದೆ. ಸಪ್ಲೈ ಕಾಲಿನ ಹತ್ತಿರವೇ 100 ನ್ಯಾನೋಫ್ಯಾರಡ್ ಹಾಕಿ, ಔಟ್‌ಪುಟ್‌ನಲ್ಲಿ ಸರಣಿಯಾಗಿ 100 ಓಮ್ ಹಾಕಿ, ಇನ್‌ಪುಟ್ ಔಟ್‌ಪುಟ್ ವೈರುಗಳನ್ನು ಬೇರೆ ಬೇರೆ ಬದಿಗೆ ಒಯ್ಯಿರಿ.

ಹಗಲು ಸರಿ, ರಾತ್ರಿ ಕಿವುಡು

ಇದು ನನ್ನ ವಿಪ್ ಆಂಟೆನಾದಲ್ಲಿ ಆದದ್ದು. ಒಂದು ಮೀಟರ್ ಕಡ್ಡಿ, ಬುಡದ ಡಬ್ಬಿಯಲ್ಲಿ ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಅದರ ಇನ್‌ಪುಟ್ ಕಾಲಾದ ಗೇಟ್‌ನಿಂದ ಗ್ರೌಂಡಿಗೆ 10 ಮೆಗಾಓಮ್. ಮಧ್ಯಾಹ್ನ, ಸಂಜೆ ಎಲ್ಲ ಚೆನ್ನಾಗಿರುತ್ತಿತ್ತು. ರಾತ್ರಿ ಹತ್ತರ ಮೇಲೆ ಪಟ್ಟಿಗಳು ನಿಧಾನವಾಗಿ ಮಸುಕಾಗಿ, ನಡುರಾತ್ರಿಗೆ ಬಹುತೇಕ ಮಾಯ. ಬೆಳಿಗ್ಗೆ ಬಿಸಿಲು ಬಂದು ಒಂದು ಗಂಟೆಗೆ ಮತ್ತೆ ಹಾಜರ್. ನಾನು ಅಯಾನುಗೋಳದ ಆಟ ಅಂದುಕೊಂಡು ಮೂರು ವಾರ ಗ್ರಾಫ್ ಬರೆದೆ. ಗುಂಯ್ ಕೂಡ ಆ ಹೊತ್ತಿಗೆ ಪೂರ್ತಿ ಅಡಗುತ್ತಿತ್ತು, ಅದನ್ನು ಒಳ್ಳೆಯ ಲಕ್ಷಣ ಅಂತಲೇ ತಿಳಿದಿದ್ದೆ.

ಆಮೇಲೆ ಒಂದು ರಾತ್ರಿ ಗೆರೆಗಳ ಮಟ್ಟವನ್ನು ಪಕ್ಕಪಕ್ಕ ಬರೆದು ನೋಡಿದೆ. 20 ಕಿಲೋಹರ್ಟ್ಜ್ ಹತ್ತಿರದ ಸ್ಟೇಷನ್ 12 ಡೆಸಿಬೆಲ್ ಇಳಿದಿತ್ತು. 10ರ ಆಸುಪಾಸಿನ ಮಿಂಚಿನ ಗದ್ದಲ 18 ಇಳಿದಿತ್ತು. 50 ಹರ್ಟ್ಜ್ ಸುಮಾರು 40. ಫ್ರೀಕ್ವೆನ್ಸಿ ಕೆಳಗೆ ಹೋದಷ್ಟೂ ಇಳಿತ ಜಾಸ್ತಿ, ಸಾಲದ್ದಕ್ಕೆ ಮನೆಯ ಕರೆಂಟೂ ಇಳಿದಿದೆ. ಅಯಾನುಗೋಳ ನನ್ನ ಮನೆಯ ಕರೆಂಟನ್ನು ಇಳಿಸುವುದಿಲ್ಲ.

ಟಾರ್ಚ್ ಹಿಡಿದು ಹೊರಗೆ ಹೋಗಿ ಡಬ್ಬಿ ಬಿಚ್ಚಿದೆ. ಮುಚ್ಚಳದ ಒಳಗೆ ಸಣ್ಣ ಸಣ್ಣ ಹನಿಗಳು. ಬೋರ್ಡಿನ ಮೇಲೆ ಗೇಟ್ ಕಾಲಿನ ಸುತ್ತ ಸೋಲ್ಡರ್ ಫ್ಲಕ್ಸ್ ಕಂದು ಬಣ್ಣದ ತೆಳು ಪೊರೆಯಾಗಿ ಒಣಗಿತ್ತು, ಬೆರಳಿಗೆ ಅಂಟು ಅಂಟು, ಟಾರ್ಚ್ ಬೆಳಕಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಹೇರ್ ಡ್ರೈಯರ್ ಎಳೆದು ತಂದು ಬಿಸಿ ಗಾಳಿ ಬಿಟ್ಟು, ಅದನ್ನು ಆಫ್ ಮಾಡಿ ಒಳಗೆ ಬಂದು ನೋಡಿದರೆ ಪಟ್ಟಿಗಳೆಲ್ಲ ವಾಪಸ್. ಗುಂಯ್ ಕೂಡ ವಾಪಸ್, ಆ ಸದ್ದು ಕೇಳಿ ಅಷ್ಟು ಸಂತೋಷ ಆಗಿದ್ದು ಅದೇ ಮೊದಲು.

ಲೆಕ್ಕ ಸುಲಭ. ಒಂದು ಮೀಟರ್ ವಿಪ್ ಅಂದರೆ ಸುಮಾರು 10 ಪಿಕೋಫ್ಯಾರಡ್‌ನ ಕೆಪ್ಯಾಸಿಟರ್. ಜೆಫೆಟ್ ಮತ್ತು ಬೋರ್ಡಿನದ್ದು ಇನ್ನೊಂದು 10. ಒಟ್ಟು 20 ಪಿಕೋಫ್ಯಾರಡ್‌ನ ಅಡ್ಡಿ 10 ಕಿಲೋಹರ್ಟ್ಜ್‌ನಲ್ಲಿ 8 ಲಕ್ಷ ಓಮ್. ಆ ಜಾಗದಲ್ಲಿ ಒದ್ದೆ ಫ್ಲಕ್ಸ್ 1 ಲಕ್ಷ ಓಮ್‌ನ ದಾರಿ ಮಾಡಿಕೊಟ್ಟರೆ ಸಿಗ್ನಲ್ ಗ್ರೌಂಡಿಗೆ ಹರಿದುಹೋಗುತ್ತದೆ. 20 ಕಿಲೋಹರ್ಟ್ಜ್‌ಗೆ 12 ಡೆಸಿಬೆಲ್, 10ಕ್ಕೆ 18, ನಾನು ಅಳೆದದ್ದು ಹೆಚ್ಚುಕಡಿಮೆ ಅದೇ.

ಪರಿಹಾರ: ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಎರಡು ಸಲ. ಗೇಟ್ ಕಾಲನ್ನು ಬೋರ್ಡಿಗೆ ತಾಗಿಸಲೇಬೇಡಿ, ಗಾಳಿಯಲ್ಲೇ ಎತ್ತಿ ನೇರ ಆಂಟೆನಾ ಬೋಲ್ಟಿಗೆ ಬೆಸೆಯಿರಿ. ಬೋಲ್ಟಿನ ಸುತ್ತ ಟೆಫ್ಲಾನ್ ಬುಷ್. ಡಬ್ಬಿಯ ತಳದಲ್ಲಿ 3 ಮಿಲಿಮೀಟರ್ ತೂತು, ನೀರು ಇಳಿಯಲಿ, ಗಾಳಿ ಆಡಲಿ. ಪೂರ್ತಿ ಸೀಲ್ ಮಾಡಿದ ಡಬ್ಬಿ ಒಳಗೇ ಬೆವರುತ್ತದೆ. ಕಾಲು ಬೋರ್ಡಿನಿಂದ ಎತ್ತಿದ ಮೇಲೆ ನನಗೆ ಈ ತೊಂದರೆ ಮತ್ತೆ ಬಂದಿಲ್ಲ.

ಬಿಸಿ ಮಾಡಿದರೂ ಕಿವುಡಾಗೇ ಉಳಿದರೆ ಜೆಫೆಟ್ ಸುಟ್ಟಿರಬಹುದು. ಹತ್ತಿರದ ಸಿಡಿಲು, ಒಣ ಹವೆಯಲ್ಲಿ ಬೆರಳಿನ ಸ್ಟ್ಯಾಟಿಕ್, ಎರಡೂ ಸಾಕು. ಡ್ರೈನ್ ಕರೆಂಟ್ ಅಳೆದರೆ ಗೊತ್ತಾಗುತ್ತದೆ. ಚಟಪಟ ಜೋರಾಗಿ ಕಣ್ಣಿಗೆ ಮಿಂಚು ಕಾಣುವಷ್ಟು ಹತ್ತಿರ ಬಂದರೆ ಕೇಬಲ್ ಕಳಚಿ ಒಳಗೆ ಬನ್ನಿ. ಆಗ ಪ್ರಯೋಗ ಬೇಡ.

ಇನ್ನೆರಡು ಬೇರೆ ತರಹದ ದೋಷ

ವಿಎಲ್‌ಎಫ್‌ನಲ್ಲಿ ಹಾಡು, ಮಾತು ಕೇಳಿದರೆ ಹತ್ತಿರದ ಮೀಡಿಯಂ ವೇವ್ ಸ್ಟೇಷನ್ ನಿಮ್ಮ ಮೊದಲ ಟ್ರಾನ್ಸಿಸ್ಟರ್‌ನಲ್ಲೇ ಡಿಟೆಕ್ಟ್ ಆಗುತ್ತಿದೆ. ಲೂಪ್ ಆದರೆ ಆಂಪ್ಲಿಫೈಯರ್ ಮುಂದೆ 1 ಕಿಲೋಓಮ್, 1 ನ್ಯಾನೋಫ್ಯಾರಡ್ ಲೋಪಾಸ್ ಹಾಕಿ, ಸುಮಾರು 160 ಕಿಲೋಹರ್ಟ್ಜ್ ಮೇಲಿನದ್ದು ಇಳಿಯುತ್ತದೆ. ವಿಪ್‌ನಲ್ಲಿ 1 ನ್ಯಾನೋಫ್ಯಾರಡ್ ಹಾಕಿದರೆ ನಮ್ಮ ಸಿಗ್ನಲ್ಲೂ ಸತ್ತುಹೋಗುತ್ತದೆ, ಗೇಟ್‌ಗೆ ಸರಣಿಯಾಗಿ ಹತ್ತಿಪ್ಪತ್ತು ಕಿಲೋಓಮ್ ರೆಸಿಸ್ಟರ್ ಮಾತ್ರ ಹಾಕಿ.

ಎರಡನೆಯದು 8.27 ಕಿಲೋಹರ್ಟ್ಜ್‌ಗೆ ಇಳಿದವರಿಗೆ. 2012ರ ವಿಶ್ವ ರೇಡಿಯೊ ಸಮ್ಮೇಳನದ ನಂತರ ಅಂತರರಾಷ್ಟ್ರೀಯ ಫ್ರೀಕ್ವೆನ್ಸಿ ಹಂಚಿಕೆ ಪಟ್ಟಿ 8.3ರಿಂದ ಶುರುವಾಗುತ್ತದೆ, ಅದಕ್ಕೇ ಹವ್ಯಾಸಿಗಳು ಅದರ ಸ್ವಲ್ಪ ಕೆಳಗೆ ಪ್ರಯೋಗ ಮಾಡುತ್ತಾರೆ. ಕಳಿಸುವವರು ತಮ್ಮ ದೇಶದ ನಿಯಮ ನೋಡಿಕೊಳ್ಳಬೇಕು. 50 ಹರ್ಟ್ಜ್ ಊರುಗಳಲ್ಲಿ ಗುಂಯ್ ಗೆರೆಗಳು 8250 ಮತ್ತು 8300ರಲ್ಲಿ ಬೀಳುತ್ತವೆ, 8270 ನಡುವೆ ಸಿಗುತ್ತದೆ. ಈ ಸಿಗ್ನಲ್‌ಗಳು ಎಷ್ಟು ಕ್ಷೀಣ ಅಂದರೆ ಗಂಟೆಗಟ್ಟಲೆ ಕೂಡಿಸಿ ನೋಡಬೇಕು. 1 ಮಿಲಿಹರ್ಟ್ಜ್ ಅಗಲದ ಫ್ರೀಕ್ವೆನ್ಸಿ ಕಿಟಕಿಗೆ 1000 ಸೆಕೆಂಡ್ ಬೇಕು. ಸಾಮಾನ್ಯ ಸೌಂಡ್ ಕಾರ್ಡಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50 ಭಾಗ ತಪ್ಪಿದ್ದರೆ 8270ರಲ್ಲಿ ಅದು 0.4 ಹರ್ಟ್ಜ್, ಅಂದರೆ ಕಿಟಕಿಯಿಂದ 400 ಕಿಟಕಿ ಆಚೆ. ಅಷ್ಟೇ ಆಗಿದ್ದರೆ ಸರಿಪಡಿಸಬಹುದು, ಆದರೆ ಫ್ಯಾನ್ ತಿರುಗಿದರೆ, ಕೋಣೆಯ ಕಿಟಕಿ ತೆರೆದರೆ ಅದು ಜಾರುತ್ತಲೇ ಇರುತ್ತದೆ, ಗೆರೆ ಬಳಿದ ಮಸಿಯ ಹಾಗೆ ಹರಡುತ್ತದೆ. ಜಿಪಿಎಸ್ ರಿಸೀವರ್‌ನ ಸೆಕೆಂಡಿಗೊಂದು ಪಲ್ಸನ್ನು ಸೌಂಡ್ ಕಾರ್ಡಿನ ಇನ್ನೊಂದು ಚಾನೆಲ್‌ಗೆ ಕೊಟ್ಟು ಸಾಫ್ಟ್‌ವೇರ್‌ನಿಂದ ತಿದ್ದಿಸುವುದೇ ದಾರಿ. ಪಲ್ಸ್ ತುಂಬಾ ಜೋರಾಗಿದ್ದರೆ ಪಕ್ಕದ ಚಾನೆಲ್‌ಗೆ ಸೋರುತ್ತದೆ, ತಗ್ಗಿಸಿ ಕೊಡಿ.

ದೋಷ ಅಲ್ಲದವು

ಸೂರ್ಯ ಹುಟ್ಟುವಾಗ, ಮುಳುಗುವಾಗ ಒಂದು ಸ್ಟೇಷನ್ ಗುಂಡಿಗೆ ಬಿದ್ದ ಹಾಗೆ ಇಳಿದು ಮತ್ತೆ ಏಳುತ್ತದೆ. ಹಗಲು ರಾತ್ರಿಯ ಗೆರೆ ನಿಮ್ಮ ಮತ್ತು ಸ್ಟೇಷನ್ ನಡುವಿನ ದಾರಿಯನ್ನು ದಾಟುತ್ತಿದೆ, ಅಷ್ಟೆ. ಒಂದು ಪಟ್ಟಿ ಮಾತ್ರ ಕತ್ತರಿಸಿದ ಹಾಗೆ ಪೂರ್ತಿ ಮಾಯವಾದರೆ ಆ ಸ್ಟೇಷನ್ ರಿಪೇರಿಗೆ ನಿಂತಿದೆ. ಜೋರು ಗಾಳಿಯಲ್ಲಿ ಲೂಪ್ ಗುಡುಗುಡು ಅಂದರೆ ಅದು ಭೂಮಿಯ ಕಾಂತ ಕ್ಷೇತ್ರದಲ್ಲಿ ಅಲುಗಾಡುತ್ತಿದೆ, ಕಟ್ಟಿ ಬಿಗಿ ಮಾಡಿ. ಮಳೆ ಹನಿ ತಾಗಿ ವಿಪ್ ಸುಯ್ ಅನ್ನುವುದೂ ಸಹಜ.

ನಡು ಮಧ್ಯಾಹ್ನ ದೂರದ ಪಟ್ಟಿಗಳು ಕೆಲವೇ ನಿಮಿಷದಲ್ಲಿ ಒಟ್ಟಿಗೆ ಮೇಲೆ ಜಿಗಿದು ಅಥವಾ ಕೆಳಗೆ ಬಿದ್ದು, ಆಮೇಲೆ ಅರ್ಧ ಒಂದು ಗಂಟೆ ತೆಗೆದುಕೊಂಡು ನಿಧಾನವಾಗಿ ತಮ್ಮ ಜಾಗಕ್ಕೆ ಮರಳಿದರೆ ಏನೂ ಬಿಚ್ಚಬೇಡಿ. ಸೂರ್ಯನ ಮೇಲೆ ಫ್ಲೇರ್ (ದಿಢೀರ್ ಸ್ಫೋಟ) ಆಗಿ, ಅದರ ಎಕ್ಸ್-ಕಿರಣ ಅಯಾನುಗೋಳದ ಕೆಳಗಿನ ಡಿ ಪದರವನ್ನು ಗಟ್ಟಿ ಮಾಡಿದೆ. ಸಂಶಯ ಬಂದರೆ ಅದೇ ಹೊತ್ತಿನ ಗುಂಯ್ ಗೆರೆಯ ಮಟ್ಟ ನೋಡಿ. ಅದು ಒಂದು ಡೆಸಿಬೆಲ್ಲೂ ಅಲುಗಾಡಿರುವುದಿಲ್ಲ.